ಅಪ್‌ಗ್ರೇಡ್ ನಂತರ ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್ ಸ್ಲೀಪ್‌ಗೆ ಹೋಗುತ್ತಿಲ್ಲವೇ? ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹತ್ತು ಹದಿನೈದು ನಿಮಿಷ ಬಳಸದೆ ಬಿಟ್ಟರೆ ತಾನಾಗಿ ಸದ್ದು ನಿಲ್ಲಿಸುತ್ತಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್, ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆದ ದಿನದಿಂದ ಹಗಲಿರುಳು ತಿರುಗುತ್ತಲೇ ಇರುವುದು ಅನೇಕರಿಗೆ ಎದುರಾಗುವ ತೊಂದರೆ. ಇಂತಹ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಪವರ್ ಸೆಟ್ಟಿಂಗ್ಸ್‌ಗೆ. ಅಲ್ಲಿರುವ ಒಂದೊಂದೇ ಗುಂಡಿಯನ್ನು ಒತ್ತಿ ನೋಡಿ, ಏನೂ ಬದಲಾಗದಿದ್ದಾಗ ಸರ್ಚ್ ಇಂಡೆಕ್ಸಿಂಗ್ (ಹುಡುಕಾಟಕ್ಕಾಗಿ ಫೈಲ್‌ಗಳ ಸೂಚಿ ಕಟ್ಟುವುದು), ಬ್ಯಾಕಪ್, ಆಂಟಿವೈರಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಈ ದಾರಿ ಸರಿಯಲ್ಲ. ಬಹುಪಾಲು ಪ್ರಕರಣಗಳಲ್ಲಿ ಸೆಟ್ಟಿಂಗ್ ಸರಿಯಾಗಿಯೇ ಇರುತ್ತದೆ. ಯಾವುದೋ ಪ್ರೋಗ್ರಾಂ ಡ್ರೈವನ್ನು ಆಗಾಗ ಮುಟ್ಟುತ್ತಿರುವುದರಿಂದ ಅದು ಮಲಗುವುದಿಲ್ಲ. ಮುಟ್ಟುತ್ತಿರುವುದು ಯಾವುದು ಎಂದು ತಿಳಿಯುವವರೆಗೆ ಏನನ್ನೂ ಬದಲಿಸಬಾರದು ಎಂಬುದೇ ಈ ಮಾರ್ಗದರ್ಶಿಯ ಮುಖ್ಯ ಸಲಹೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಲಾಗಿದೆ.

ಇಲ್ಲಿ ಹೇಳುವುದೆಲ್ಲ ತಿರುಗುವ ತಟ್ಟೆಗಳಿರುವ ಹಾರ್ಡ್ ಡಿಸ್ಕಿಗೆ ಸಂಬಂಧಿಸಿದ್ದು. ನಿಮ್ಮದು ಎಸ್‌ಎಸ್‌ಡಿ ಆಗಿದ್ದರೆ ಅದರಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ ಈ ತೊಂದರೆಗೆ ಅರ್ಥವಿಲ್ಲ. ಇನ್ನೊಂದು ಮಾತು: ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ರೋಮನ್ ಸಣ್ಣಕ್ಷರಗಳನ್ನು ಬಳಸಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ.

ಡ್ರೈವ್ ಮಲಗುವುದು ಹೇಗೆ

ಡ್ರೈವಿನ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಸ್ಲೀಪ್‌ಗೆ ಹೋದಾಗ ಓದಿ ಬರೆಯುವ ಹೆಡ್‌ಗಳು ತಟ್ಟೆಯಿಂದ ಪಕ್ಕಕ್ಕೆ ಸರಿದು ಮೋಟಾರ್ ನಿಲ್ಲುತ್ತದೆ. ಇದನ್ನು ಇಬ್ಬರಲ್ಲಿ ಯಾರಾದರೂ ಮಾಡಿಸಬಹುದು. ಒಂದು, ಆಪರೇಟಿಂಗ್ ಸಿಸ್ಟಂ: ಇಷ್ಟು ನಿಮಿಷ ಓದು-ಬರಹ ನಡೆಯದಿದ್ದರೆ ಮೋಟಾರ್ ನಿಲ್ಲಿಸು ಎಂದು ಅದು ಡ್ರೈವಿಗೆ ಆಜ್ಞೆ ಕಳಿಸುತ್ತದೆ. ಎರಡು, ಡ್ರೈವ್ ಅಥವಾ ಅದರ ಕವಚದೊಳಗಿನ ಫರ್ಮ್‌ವೇರ್, ಅಂದರೆ ಅದರಲ್ಲೇ ಅಡಕವಾದ ಸಾಫ್ಟ್‌ವೇರ್: ತನ್ನದೇ ಟೈಮರ್ ನೋಡಿಕೊಂಡು ಯಾರ ಆಜ್ಞೆಗೂ ಕಾಯದೆ ಮಲಗುತ್ತದೆ. ಇವೆರಡರ ನಡುವೆ ಯುಎಸ್‌ಬಿ ಭಾಷೆಯನ್ನು ಡ್ರೈವಿಗೆ ಅರ್ಥವಾಗುವ ಸಾಟಾ ಭಾಷೆಗೆ ಬದಲಿಸುವ ಬ್ರಿಡ್ಜ್ ಚಿಪ್ ಒಂದಿದೆ. ಸಿಸ್ಟಂ ಕಳಿಸಿದ ಆಜ್ಞೆಯನ್ನು ಕೆಲವು ಬ್ರಿಡ್ಜ್‌ಗಳು ನಿಷ್ಠೆಯಿಂದ ದಾಟಿಸುತ್ತವೆ, ಕೆಲವು ದಾಟಿಸುವುದೇ ಇಲ್ಲ.

ಎರಡು ಟೈಮರ್‌ಗಳಿಗೂ ಒಂದೇ ನಿಯಮ: ಒಂದು ಚಿಕ್ಕ ಓದು ನಡೆದರೂ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಟೈಮರ್ 10 ನಿಮಿಷಕ್ಕಿದ್ದು, ಯಾವುದೋ ಪ್ರೋಗ್ರಾಂ ಒಂಬತ್ತು ನಿಮಿಷಕ್ಕೊಮ್ಮೆ ನಾಲ್ಕು ಕಿಲೋಬೈಟ್ ಓದಿದರೂ ಡ್ರೈವ್ ಎಂದಿಗೂ ಮಲಗದು. ಹೊಸ ಸಿಸ್ಟಂನೊಂದಿಗೆ ಇಂತಹ ಹೊಸ ಹಿನ್ನೆಲೆ ಕೆಲಸಗಳು ಬಂದಿರುವ ಸಾಧ್ಯತೆ ಹೆಚ್ಚು. ಆದ್ದರಿಂದಲೇ ಡ್ರೈವ್, ಕೇಬಲ್, ಸೆಟ್ಟಿಂಗ್ ಯಾವುದೂ ಬದಲಾಗದಿದ್ದರೂ ಅಪ್‌ಗ್ರೇಡ್ ನಂತರ ವರ್ತನೆ ಬದಲಾಗುತ್ತದೆ.

ಮೊದಲು ದತ್ತಾಂಶದ ಸುರಕ್ಷತೆ

ಬೇರೇನೂ ಮಾಡುವ ಮೊದಲು ಆ ಡ್ರೈವಿನಲ್ಲಿರುವ ಮುಖ್ಯ ಫೈಲ್‌ಗಳ ಇನ್ನೊಂದು ಪ್ರತಿ ಬೇರೆಡೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಲಗದ ಡ್ರೈವ್ ಕೆಲವೊಮ್ಮೆ ಕಾಯಿಲೆ ಬಿದ್ದ ಡ್ರೈವ್ ಕೂಡ ಆಗಿರುತ್ತದೆ: ಓದಲಾಗದ ಸೆಕ್ಟರ್‌ಗಳನ್ನು (ಡಿಸ್ಕಿನ ಚಿಕ್ಕ ಭಾಗಗಳನ್ನು) ಮತ್ತೆ ಮತ್ತೆ ಓದಲು ಯತ್ನಿಸುತ್ತಾ ಅದು ಎಚ್ಚರವಾಗಿಯೇ ಉಳಿಯಬಹುದು. ಸ್ಮಾರ್ಟ್ ವರದಿಯನ್ನು (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ) ತೋರಿಸುವ ಯಾವುದಾದರೂ ಉಪಕರಣದಲ್ಲಿ 5ನೆಯ ಸಾಲು (ಈ ಅಂಕಿಗಳು ಸಾಲಿನ ಗುರುತು ಸಂಖ್ಯೆಗಳು, ಮೇಲಿನಿಂದ ಎಣಿಸಿದವಲ್ಲ), ಅಂದರೆ ಮರುಹಂಚಿಕೆಯಾದ ಸೆಕ್ಟರ್‌ಗಳು, ಮತ್ತು 197ನೆಯ ಸಾಲು, ಅಂದರೆ ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳು, ಇವೆರಡನ್ನು ನೋಡಿ. ಅವುಗಳ ಮೂಲ ಸಂಖ್ಯೆ (ರಾ ವ್ಯಾಲ್ಯೂ) ಸೊನ್ನೆಯಾಗಿರದೆ ಏರುತ್ತಿದ್ದರೆ ಸ್ಲೀಪ್‌ನ ವಿಚಾರ ಬದಿಗಿಟ್ಟು ಡ್ರೈವ್ ಬದಲಿಸುವ ಏರ್ಪಾಡು ಮಾಡಿ.

ಹಾಗೆಯೇ 4ನೆಯ ಸಾಲಿನ ಸ್ಟಾರ್ಟ್-ಸ್ಟಾಪ್ ಸಂಖ್ಯೆಯನ್ನೂ 193ನೆಯ ಸಾಲಿನ ಲೋಡ್ ಸೈಕಲ್ ಸಂಖ್ಯೆಯನ್ನೂ (ಹೆಡ್‌ಗಳು ಪಕ್ಕಕ್ಕೆ ಸರಿದು ಮರಳಿದ ಲೆಕ್ಕ) ಬರೆದಿಟ್ಟುಕೊಳ್ಳಿ. ಮುಂದೆ ಡ್ರೈವ್ ನಿಜವಾಗಿ ಮಲಗಿ ಎದ್ದಿತೇ ಎಂಬುದಕ್ಕೆ ಇವೇ ಸಾಕ್ಷಿ.

ಹಂತ 1: ಅಪ್‌ಗ್ರೇಡ್‌ನ ಬಾಕಿ ಕೆಲಸ ಮುಗಿಯಲಿ

ಅಪ್‌ಗ್ರೇಡ್ ಮುಗಿದು ಡೆಸ್ಕ್‌ಟಾಪ್ ಕಾಣಿಸಿದ ಮಾತ್ರಕ್ಕೆ ಕೆಲಸ ಮುಗಿದಿರುವುದಿಲ್ಲ. ಮ್ಯಾಕ್‌ನಲ್ಲಿ ಸ್ಪಾಟ್‌ಲೈಟ್ ಎಂಬ ಹುಡುಕಾಟ ಸೌಲಭ್ಯ ತನ್ನ ಇಂಡೆಕ್ಸನ್ನು ಮತ್ತೆ ಕಟ್ಟುತ್ತದೆ, ಫೋಟೋಸ್ ತನ್ನ ಸಂಗ್ರಹವನ್ನು ಮತ್ತೆ ವಿಶ್ಲೇಷಿಸುತ್ತದೆ, ಟೈಮ್ ಮಷೀನ್‌ನ ಮೊದಲ ಬ್ಯಾಕಪ್ ಎಂದಿಗಿಂತ ದೊಡ್ಡದಾಗಿರುತ್ತದೆ. ವಿಂಡೋಸ್‌ನಲ್ಲಿ ಸರ್ಚ್ ಇಂಡೆಕ್ಸರ್ ಮತ್ತು ಅದರದೇ ಆಂಟಿವೈರಸ್ ಆದ ಡಿಫೆಂಡರ್ ಇದೇ ರೀತಿ ದುಡಿಯುತ್ತವೆ. ಡ್ರೈವಿನಲ್ಲಿ ಲಕ್ಷಾಂತರ ಚಿಕ್ಕ ಫೈಲ್‌ಗಳಿದ್ದರೆ ಇದಕ್ಕೆ ಗಂಟೆಗಳಲ್ಲ, ಒಂದೆರಡು ದಿನಗಳೇ ಹಿಡಿಯಬಹುದು. ಕಂಪ್ಯೂಟರನ್ನು ಚಾರ್ಜರ್‌ಗೆ ಹಾಕಿ, ಸಿಸ್ಟಂ ಸ್ಲೀಪ್ ಆಗದಂತೆ ನೋಡಿಕೊಂಡು, ಒಂದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಮ್ಮೆ ಮರುಚಾಲನೆ ಮಾಡಿ. ಈ ಕೆಲಸವನ್ನು ಮಧ್ಯದಲ್ಲಿ ತಡೆದರೆ ಅದು ತಪ್ಪುವುದಿಲ್ಲ, ಮುಂದೂಡಲ್ಪಡುತ್ತದೆ ಅಷ್ಟೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂದಿನ ಹಲವು ಹೆಚ್ಚು ಸಾಮರ್ಥ್ಯದ ಎಕ್ಸ್‌ಟರ್ನಲ್ ಡ್ರೈವ್‌ಗಳು ಎಸ್‌ಎಂಆರ್ ವಿಧಾನದಲ್ಲಿ ಬರೆಯುತ್ತವೆ. ಅವು ಬಂದ ಡೇಟಾವನ್ನು ಮೊದಲು ಒಂದು ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡು, ಬಿಡುವಾದಾಗ ಅದರ ಸರಿಯಾದ ಸ್ಥಳಕ್ಕೆ ಸಾಗಿಸುತ್ತವೆ. ದೊಡ್ಡ ಬ್ಯಾಕಪ್ ಮುಗಿದ ಮೇಲೂ ಕಂಪ್ಯೂಟರ್ ಏನನ್ನೂ ಕೇಳದಿರುವಾಗ ಡ್ರೈವಿನೊಳಗೆ ಹೆಡ್‌ಗಳ ಸದ್ದು ಕೇಳಿಸುತ್ತಿದ್ದರೆ ಅದು ಈ ಕೆಲಸವಿರಬಹುದು. ಅದನ್ನು ತಡೆಯಬೇಡಿ.

ಹಂತ 2: ಡ್ರೈವ್ ನಿಜಕ್ಕೂ ಎಚ್ಚರವಾಗಿದೆಯೇ?

ದೀಪ ಉರಿಯುತ್ತಿದೆ ಎಂದರೆ ಡ್ರೈವ್ ಎಚ್ಚರವಾಗಿದೆ ಎಂದಲ್ಲ. ಅನೇಕ ಕವಚಗಳಲ್ಲಿ ದೀಪ ಕೇವಲ ವಿದ್ಯುತ್ ಬರುತ್ತಿರುವುದನ್ನು ಸೂಚಿಸುತ್ತದೆ. ಕವಚದ ಮೇಲೆ ಕೈಯಿಟ್ಟು ಕಂಪನವನ್ನು ಗಮನಿಸುವುದು ಅತ್ಯಂತ ಸರಳ ಪರೀಕ್ಷೆ. ಮಲಗಿದ ಡ್ರೈವಿನಲ್ಲಿ ಕಂಪನ ಇರುವುದಿಲ್ಲ, ಮತ್ತು ಫೋಲ್ಡರ್ ತೆರೆದಾಗ ಅದು ತಿರುಗಿ ಸಿದ್ಧವಾಗಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ.

ಪರೀಕ್ಷೆಗೆ ಬಳಸುವ ಉಪಕರಣವೇ ಡ್ರೈವನ್ನು ಎಬ್ಬಿಸಬಹುದು ಎಂಬುದನ್ನು ಮರೆಯಬೇಡಿ. ತಾಪಮಾನವನ್ನು ಪರದೆಯ ಮೂಲೆಯಲ್ಲಿ ಸದಾ ತೋರಿಸುವ ಪ್ರೋಗ್ರಾಂಗಳು ಡ್ರೈವನ್ನು ನಿಯಮಿತವಾಗಿ ಪ್ರಶ್ನಿಸುತ್ತಿರುತ್ತವೆ. ಪರೀಕ್ಷೆಯ ಅವಧಿಯಲ್ಲಿ ಅವುಗಳನ್ನು ಮುಚ್ಚಿ. ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಆಜ್ಞೆಗೆ ಹೈಫನ್ ದೊಡ್ಡಕ್ಷರದ ಸಿ ಸೇರಿಸಿದರೆ ಡ್ರೈವನ್ನು ಎಬ್ಬಿಸದೆಯೇ ಅದು ಸ್ಟ್ಯಾಂಡ್‌ಬೈನಲ್ಲಿದೆಯೇ (ಮಲಗಿದೆಯೇ) ಎಂದು ತಿಳಿಯುತ್ತದೆ. ಸ್ಮಾರ್ಟ್‌ಸಿಟಿಎಲ್ ಆಜ್ಞೆಯ ಹೈಫನ್ ಎನ್ ಸ್ಟ್ಯಾಂಡ್‌ಬೈ ಆಯ್ಕೆಯೂ ಮಲಗಿರುವ ಡ್ರೈವನ್ನು ಮುಟ್ಟದೆ ಬಿಡುತ್ತದೆ.

ಕಂಪ್ಯೂಟರ್ ಮಲಗುವುದು ಬೇರೆ, ಡ್ರೈವ್ ಮಲಗುವುದು ಬೇರೆ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಕಂಪ್ಯೂಟರ್ ಚಾಲೂ ಇರುವಾಗ ಡ್ರೈವ್ ಮಲಗುತ್ತಿಲ್ಲವೇ, ಅಥವಾ ಕಂಪ್ಯೂಟರ್ ಮಲಗಿದ ಮೇಲೂ ಡ್ರೈವ್ ತಿರುಗುತ್ತಿದೆಯೇ? ಎರಡನೆಯದಾದರೆ ಕಂಪ್ಯೂಟರೇ ಪೂರ್ತಿ ಮಲಗಿಲ್ಲ ಎಂದು ಶಂಕಿಸಿ. ಮ್ಯಾಕ್‌ನಲ್ಲಿ ನೆಟ್‌ವರ್ಕ್ ಕರೆಗೆ ಎದ್ದೇಳುವ ಸೌಲಭ್ಯ, ಇಂಟೆಲ್ ಮ್ಯಾಕ್‌ಗಳಲ್ಲಿ ಪವರ್ ನ್ಯಾಪ್, ವಿಂಡೋಸ್‌ನಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ (ಇವೆರಡೂ ಕಂಪ್ಯೂಟರ್ ಮಲಗಿದಾಗಲೂ ಹಿನ್ನೆಲೆ ಕೆಲಸ ನಡೆಸುವ ಸೌಲಭ್ಯಗಳು) ಇದಕ್ಕೆ ಕಾರಣವಾಗಬಲ್ಲವು. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆಯ ನಂತರ ಓರೆಗೆರೆ ಮತ್ತು ಎ ಟೈಪ್ ಮಾಡಿದರೆ ಆ ಯಂತ್ರದಲ್ಲಿ ಯಾವ ಬಗೆಯ ಸ್ಲೀಪ್ ಲಭ್ಯವಿದೆ ಎಂದು ಕಾಣಿಸುತ್ತದೆ.

ಹಂತ 3: ಅನ್‌ಮೌಂಟ್ ಪರೀಕ್ಷೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ. ಡ್ರೈವಿನ ಕೇಬಲ್ ಕೀಳದೆ, ಅದರ ವಾಲ್ಯೂಮನ್ನು (ಫೈಲ್‌ಗಳಿರುವ ವಿಭಾಗವನ್ನು) ಮಾತ್ರ ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಂನಿಂದ ಬೇರ್ಪಡಿಸಿ, ಅರ್ಧ ಗಂಟೆ ಬಿಡಿ. ವಾಲ್ಯೂಮ್ ಇಲ್ಲದಿದ್ದರೆ ಸಾಮಾನ್ಯ ಪ್ರೋಗ್ರಾಂಗಳಿಗೆ ಅದರ ಫೈಲ್‌ಗಳು ಕಾಣುವುದಿಲ್ಲ, ಹಾಗಾಗಿ ಅವು ಮುಟ್ಟಲಾರವು.

ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೆರೆದು ವಾಲ್ಯೂಮನ್ನು ಆರಿಸಿ ಅನ್‌ಮೌಂಟ್ ಒತ್ತಿ. ಇಜೆಕ್ಟ್ ಒತ್ತಬೇಡಿ, ಇಜೆಕ್ಟ್ ಮಾಡಿದಾಗ ಡ್ರೈವಿಗೆ ನಿಲ್ಲುವ ಆಜ್ಞೆಯೂ ಹೋಗಬಹುದಾದ್ದರಿಂದ ಪರೀಕ್ಷೆ ಕೆಡುತ್ತದೆ. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಡ್ರೈವಿನ ಅಕ್ಷರವನ್ನು ತಾತ್ಕಾಲಿಕವಾಗಿ ತೆಗೆದುಹಾಕಿ. ಅಕ್ಷರ ಯಾವುದಿತ್ತೆಂದು ಮೊದಲೇ ಬರೆದಿಟ್ಟುಕೊಳ್ಳಿ. ಆ ಪರದೆಯಲ್ಲಿ ಫಾರ್ಮ್ಯಾಟ್ ಮತ್ತು ಡಿಲೀಟ್ ವಾಲ್ಯೂಮ್ ಆಯ್ಕೆಗಳೂ ಅಕ್ಕಪಕ್ಕದಲ್ಲೇ ಇರುವುದರಿಂದ ನಿಧಾನವಾಗಿ ಓದಿ ಒತ್ತಿ. ಲಿನಕ್ಸ್‌ನಲ್ಲಿ ಯುಮೌಂಟ್ ಆಜ್ಞೆ ಸಾಕು.

ಅನ್‌ಮೌಂಟ್ ಆದ ಡ್ರೈವ್ ಮಲಗಿದರೆ ಟೈಮರ್ ಮತ್ತು ಬ್ರಿಡ್ಜ್ ಎರಡೂ ಸರಿಯಾಗಿವೆ, ದೋಷ ಯಾವುದೋ ಪ್ರೋಗ್ರಾಂನದು. 4ನೆಯ ಹಂತಕ್ಕೆ ಹೋಗಿ. ಆಗಲೂ ಮಲಗದಿದ್ದರೆ 5 ಮತ್ತು 6ನೆಯ ಹಂತಗಳನ್ನು ನೋಡಿ. ಅಪ್‌ಗ್ರೇಡ್ ಆಗದ ಇನ್ನೊಂದು ಕಂಪ್ಯೂಟರ್ ಕೈಗೆಟುಕುವಂತಿದ್ದರೆ ಅದಕ್ಕೆ ಜೋಡಿಸಿ ನೋಡುವುದೂ ಒಳ್ಳೆಯದು.

ಹಂತ 4: ಮುಟ್ಟುತ್ತಿರುವುದು ಯಾವುದು?

ಮ್ಯಾಕ್‌ನಲ್ಲಿ: ಟರ್ಮಿನಲ್‌ನಲ್ಲಿ ಪಿಎಂಸೆಟ್ ಹೈಫನ್ ಜಿ ಅಸರ್ಷನ್ಸ್ ಎಂಬ ಆಜ್ಞೆ ಕೊಟ್ಟರೆ ಸ್ಲೀಪ್ ತಡೆದಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಅದರಲ್ಲಿ ಪ್ರಿವೆಂಟ್‌ಡಿಸ್ಕ್‌ಐಡಲ್ ಎಂಬ ಸಾಲಿನ ಮುಂದೆ 1 ಎಂದಿದ್ದರೆ ಒಂದು ಪ್ರೋಗ್ರಾಂ ಉದ್ದೇಶಪೂರ್ವಕವಾಗಿಯೇ ಡಿಸ್ಕನ್ನು ಎಚ್ಚರವಾಗಿಟ್ಟಿದೆ ಎಂದರ್ಥ. ಕೆಳಗೆ ಅದರ ಹೆಸರೂ ಇರುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಎಫ್‌ಎಸ್ ಅಂಡರ್‌ಸ್ಕೋರ್ ಯೂಸೇಜ್ ಎಂಬ ಆಜ್ಞೆಯನ್ನು ಸುಡೋ (ನಿರ್ವಾಹಕ ಅನುಮತಿ ಕೊಡುವ ಆಜ್ಞೆ) ಜೊತೆ ಚಲಾಯಿಸಿ. ಸಾವಿರಾರು ಸಾಲುಗಳು ಓಡುತ್ತವೆ. ಅವುಗಳಲ್ಲಿ ನಿಮ್ಮ ವಾಲ್ಯೂಮಿನ ಹೆಸರಿರುವ ಸಾಲುಗಳನ್ನಷ್ಟೇ ಗ್ರೆಪ್ ಆಜ್ಞೆಯ ಮೂಲಕ ಸೋಸಿಕೊಂಡು ಕಾಲು ಗಂಟೆ ಬಿಟ್ಟರೆ, ಪ್ರತಿ ಸಾಲಿನ ಕೊನೆಯಲ್ಲಿ ಪ್ರೋಗ್ರಾಂನ ಹೆಸರು ಸಿಗುತ್ತದೆ.

ಎಂಡಿಎಸ್ ಅಥವಾ ಎಂಡಿವರ್ಕರ್ ಎಂದು ಕಂಡರೆ ಅದು ಸ್ಪಾಟ್‌ಲೈಟ್. ಹಂತ 1ರಲ್ಲಿ ಹೇಳಿದಂತೆ ಕಾದ ಮೇಲೂ ಅದು ನಿಲ್ಲದಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ನ ಸ್ಪಾಟ್‌ಲೈಟ್ ವಿಭಾಗದಲ್ಲಿ ಸರ್ಚ್ ಪ್ರೈವೆಸಿ ತೆರೆದು ಆ ಡ್ರೈವನ್ನು ಪಟ್ಟಿಗೆ ಸೇರಿಸಿ. ಮೊದಲೇ ಸೇರಿಸಿದ್ದರೂ ಅದು ಈಗಲೂ ಅಲ್ಲಿದೆಯೇ ಎಂದು ನೋಡಿ. ಇಂಡೆಕ್ಸಿಂಗ್ ನಿಂತರೆ ಆ ಡ್ರೈವಿನ ಫೈಲ್‌ಗಳು ಸ್ಪಾಟ್‌ಲೈಟ್ ಹುಡುಕಾಟದಲ್ಲಿ ಸಿಗುವುದಿಲ್ಲ. ಹುಡುಕಾಟ ನಿಮಗೆ ಮುಖ್ಯವಾದರೆ ಡ್ರೈವನ್ನು ಪಟ್ಟಿಗೆ ಸೇರಿಸಿ, ಕೆಲವು ನಿಮಿಷ ಬಿಟ್ಟು ತೆಗೆಯಿರಿ. ಹೀಗೆ ಮಾಡಿದಾಗ ಹಳೆಯ ಇಂಡೆಕ್ಸ್ ಅಳಿದು ಹೊಸದು ಕಟ್ಟಲ್ಪಡುತ್ತದೆ.

ಬ್ಯಾಕಪ್‌ಡಿ ಎಂದು ಕಂಡರೆ ಅದು ಟೈಮ್ ಮಷೀನ್. 2022ರ ವೆಂಚುರಾ ಆವೃತ್ತಿಯಿಂದ ಬ್ಯಾಕಪ್ ಗಂಟೆಗೊಮ್ಮೆಯೇ, ದಿನಕ್ಕೊಮ್ಮೆಯೇ, ವಾರಕ್ಕೊಮ್ಮೆಯೇ ಎಂದು ಅದರ ಆಯ್ಕೆಗಳಲ್ಲೇ ನಿಗದಿಪಡಿಸಬಹುದು. ಆದರೆ ಡ್ರೈವ್ ಗಂಟೆಗೊಮ್ಮೆ ಎದ್ದು ಬ್ಯಾಕಪ್ ಮುಗಿಸಿ ಮತ್ತೆ ಮಲಗುತ್ತಿದ್ದರೆ ಅದು ದೋಷವಲ್ಲ. ವರ್ಷವಿಡೀ ಗಂಟೆಗೊಮ್ಮೆ ಎದ್ದರೂ 8,760 ಸಲವಾಗುತ್ತದೆ. ಹಲವು ಡ್ರೈವ್‌ಗಳ ವಿವರಪಟ್ಟಿಯಲ್ಲಿ ಲೋಡ್ ಸೈಕಲ್ ಮಿತಿ 3 ಲಕ್ಷ ಅಥವಾ 6 ಲಕ್ಷ ಇರುತ್ತದೆ. ಡ್ರೈವಿನ ನಿದ್ರೆಗಾಗಿ ಬ್ಯಾಕಪ್ಪನ್ನು ಕಡಿಮೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇನ್ನು, ಫೈಲ್ ಉಳಿಸುವ ಅಥವಾ ತೆರೆಯುವ ಕಿಟಕಿ ಬಂದಾಗ ಡ್ರೈವ್ ಎದ್ದರೆ ಅದೂ ಸಹಜವೇ.

ವಿಂಡೋಸ್‌ನಲ್ಲಿ: ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬ್‌ನಲ್ಲಿ ಡಿಸ್ಕ್ ಆ್ಯಕ್ಟಿವಿಟಿ ಭಾಗವನ್ನು ವಿಸ್ತರಿಸಿ, ಫೈಲ್ ಎಂಬ ಕಾಲಂ ಮೇಲೆ ಒತ್ತಿ ಹೆಸರಿನ ಕ್ರಮಕ್ಕೆ ತನ್ನಿ. ನಿಮ್ಮ ಡ್ರೈವಿನ ಅಕ್ಷರದಿಂದ ಶುರುವಾಗುವ ಸಾಲುಗಳೇ ನಮಗೆ ಬೇಕಾದವು. ಅಲ್ಲಿ ಸಿಸ್ಟಂ ಎಂಬ ಪ್ರಕ್ರಿಯೆಯ ಹೆಸರಷ್ಟೇ ಕಂಡು, ಫೈಲ್ ಜಾಗದಲ್ಲಿ ಡಾಲರ್ ಚಿಹ್ನೆಯಿಂದ ಶುರುವಾಗುವ ಎನ್‌ಟಿಎಫ್‌ಎಸ್ ಆಂತರಿಕ ಫೈಲ್‌ಗಳಿದ್ದರೆ ನಿಜವಾದ ಕರ್ತೃ ಬೇರೆ ಇರುತ್ತದೆ. ಆಗ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿರುವ ಪ್ರೋಸೆಸ್ ಮಾನಿಟರ್ ಬಳಸಿ, ದಾರಿಯ ಆರಂಭ ನಿಮ್ಮ ಡ್ರೈವ್ ಅಕ್ಷರವೇ ಆಗಿರಬೇಕೆಂಬ ಫಿಲ್ಟರ್ ಹಾಕಿ ನೋಡಿ.

ವಿಂಡೋಸ್‌ನ ಸರ್ಚ್ ಸಾಮಾನ್ಯವಾಗಿ ಎಕ್ಸ್‌ಟರ್ನಲ್ ಡ್ರೈವನ್ನು ಇಂಡೆಕ್ಸ್ ಮಾಡುವುದಿಲ್ಲ. ಆದರೆ ನಿಮ್ಮ ಡಾಕ್ಯುಮೆಂಟ್ಸ್ ಅಥವಾ ಪಿಕ್ಚರ್ಸ್ ಫೋಲ್ಡರನ್ನು ಆ ಡ್ರೈವಿಗೆ ಸ್ಥಳಾಂತರಿಸಿದ್ದರೆ, ಅಥವಾ ಸರ್ಚ್ ಸೆಟ್ಟಿಂಗ್‌ನಲ್ಲಿ ಎನ್‌ಹ್ಯಾನ್ಸ್ಡ್ ಆರಿಸಿದ್ದರೆ ಮಾಡುತ್ತದೆ. ವಿಂಡೋಸ್‌ನ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿ ಚಾಲೂ ಇದ್ದರೆ ಮೂಲ ಸೆಟ್ಟಿಂಗ್‌ನಂತೆ ಗಂಟೆಗೊಮ್ಮೆ ಡ್ರೈವ್ ಏಳುತ್ತದೆ. ಡಿಫೆಂಡರ್ ಕಾರಣವೆಂದು ಕಂಡರೆ ಡ್ರೈವನ್ನು ಸ್ಕ್ಯಾನ್‌ನಿಂದ ಹೊರಗಿಡಬೇಡಿ. ಊರೆಲ್ಲ ಸುತ್ತಿ ಬರುವ ಎಕ್ಸ್‌ಟರ್ನಲ್ ಡ್ರೈವಿಗೇ ಆ ರಕ್ಷಣೆ ಹೆಚ್ಚು ಅಗತ್ಯ. ಸ್ಕ್ಯಾನ್‌ನ ವೇಳೆಯನ್ನು ಟಾಸ್ಕ್ ಷೆಡ್ಯೂಲರ್‌ನಲ್ಲಿ ಬದಲಿಸಿದರೆ ಸಾಕು.

ಲಿನಕ್ಸ್‌ನಲ್ಲಿ: ಫ್ಯಾಟ್ರೇಸ್ ಎಂಬ ಚಿಕ್ಕ ಉಪಕರಣ ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಿತೆಂದು ನೇರವಾಗಿ ಹೇಳುತ್ತದೆ. ಡೆಸ್ಕ್‌ಟಾಪ್‌ನ ಇಂಡೆಕ್ಸರ್‌ಗಳು, ಫೈಲ್ ಹೆಸರುಗಳ ಪಟ್ಟಿ ಕಟ್ಟುವ ಅಪ್‌ಡೇಟ್‌ಡಿಬಿ, ಮತ್ತು ಮೂಲ ಸೆಟ್ಟಿಂಗ್‌ನಂತೆ 30 ನಿಮಿಷಕ್ಕೊಮ್ಮೆ ಡಿಸ್ಕ್ ಪರೀಕ್ಷಿಸುವ ಸ್ಮಾರ್ಟ್‌ಡಿ ಸಾಮಾನ್ಯ ಶಂಕಿತರು. ಡ್ರೈವನ್ನು ಇತ್ತೀಚೆಗೆ ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿದ್ದರೆ, ಬಾಕಿ ಉಳಿದ ಇನೋಡ್ ಕೋಷ್ಟಕಗಳನ್ನು (ಫೈಲ್‌ಗಳ ವಿವರ ಇಡುವ ಪಟ್ಟಿಗಳನ್ನು) ಕರ್ನೆಲ್ ಹಿನ್ನೆಲೆಯಲ್ಲಿ ಬರೆಯುತ್ತಿರುತ್ತದೆ; ಅದು ತಾನಾಗಿ ಮುಗಿಯುತ್ತದೆ.

ಹಂತ 5: ಟೈಮರ್ ಸರಿಪಡಿಸುವುದು

ಅಪ್‌ಗ್ರೇಡ್ ಸಮಯದಲ್ಲಿ ಪವರ್ ಸೆಟ್ಟಿಂಗ್ ಮೂಲ ಸ್ಥಿತಿಗೆ ಮರಳಿರುವುದೂ ಉಂಟು. ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಎನರ್ಜಿ ವಿಭಾಗದಲ್ಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ವಿಭಾಗದ ಆಪ್ಷನ್ಸ್‌ನಲ್ಲಿ, ಸಾಧ್ಯವಾದಾಗ ಹಾರ್ಡ್ ಡಿಸ್ಕನ್ನು ಸ್ಲೀಪ್‌ಗೆ ಕಳಿಸುವ ಆಯ್ಕೆ ಇದೆ. ಪಿಎಂಸೆಟ್ ಹೈಫನ್ ಜಿ ಎಂದು ಕೇಳಿದರೆ ಡಿಸ್ಕ್‌ಸ್ಲೀಪ್ ಸಾಲಿನಲ್ಲಿ ನಿಮಿಷಗಳ ಸಂಖ್ಯೆ ಕಾಣುತ್ತದೆ. ಸಾಮಾನ್ಯವಾಗಿ ಅದು 10 ಇರುತ್ತದೆ, ಸೊನ್ನೆ ಇದ್ದರೆ ಎಂದಿಗೂ ಮಲಗಿಸಬೇಡ ಎಂದರ್ಥ. ಬದಲಿಸಲು ಸುಡೋ ಪಿಎಂಸೆಟ್ ಹೈಫನ್ ಎ ಡಿಸ್ಕ್‌ಸ್ಲೀಪ್ 10 ಎಂದು ಕೊಡಿ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಹೋಗಿ ಹಾರ್ಡ್ ಡಿಸ್ಕ್ ಎಂಬಲ್ಲಿ ಎಷ್ಟು ನಿಮಿಷಕ್ಕೆ ನಿಲ್ಲಬೇಕೆಂದು ನಮೂದಿಸಿ. ಅಲ್ಲಿಯೂ ಸೊನ್ನೆ ಎಂದರೆ ಎಂದಿಗೂ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ಬಹಳ ಜನ ವಿಂಡೋಸ್ 11ಕ್ಕೆ ಬಂದಿದ್ದಾರೆ. ತಾವೇ ರೂಪಿಸಿಕೊಂಡಿದ್ದ ಹಳೆಯ ಪವರ್ ಪ್ಲಾನ್ ಈಗಲೂ ಆಯ್ಕೆಯಾಗಿ ಉಳಿದಿದೆಯೇ ಎಂದು ಅವರು ಮೊದಲು ನೋಡಬೇಕು.

ಲಿನಕ್ಸ್‌ನ ಎಚ್‌ಡಿಪಾರ್ಮ್‌ನಲ್ಲಿ ಹೈಫನ್ ದೊಡ್ಡಕ್ಷರದ ಎಸ್ ಆಯ್ಕೆಯ ಸಂಖ್ಯೆಗಳು ನಿಮಿಷಗಳಲ್ಲ. 1ರಿಂದ 240ರವರೆಗಿನ ಪ್ರತಿ ಅಂಕಕ್ಕೆ 5 ಸೆಕೆಂಡು, ಹಾಗಾಗಿ 120 ಎಂದರೆ 10 ನಿಮಿಷ. 241 ಎಂದರೆ 30 ನಿಮಿಷ, 242 ಎಂದರೆ ಒಂದು ಗಂಟೆ. ಇದರ ಜೊತೆಗೆ ಹೈಫನ್ ದೊಡ್ಡಕ್ಷರದ ಬಿ ಆಯ್ಕೆಯ ಮೌಲ್ಯ 128ರಿಂದ 254ರ ನಡುವೆ ಇದ್ದರೆ ಆ ವಿದ್ಯುತ್ ನಿರ್ವಹಣೆಯ ಮಟ್ಟದಲ್ಲಿ ಮೋಟಾರ್ ನಿಲ್ಲಲು ಅನುಮತಿ ಇರುವುದಿಲ್ಲ. 127 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಪ್‌ಗ್ರೇಡ್ ನಂತರ ಡ್ರೈವಿನ ಸಾಧನದ ಹೆಸರು ಎಸ್‌ಡಿಎ ಇದ್ದದ್ದು ಎಸ್‌ಡಿಬಿ ಆಗಿ ಹಳೆಯ ನಿಯಮ ಬೇರೆ ಡಿಸ್ಕಿಗೆ ಅನ್ವಯಿಸುತ್ತಿರುವುದೂ ಸಾಮಾನ್ಯ. ಬೈ-ಐಡಿ ಫೋಲ್ಡರಿನಲ್ಲಿರುವ ಸ್ಥಿರ ಹೆಸರನ್ನೇ ಬಳಸಿ.

ಟೈಮರನ್ನು ಎಷ್ಟಕ್ಕೆ ಇಡಬೇಕು? 10ರಿಂದ 30 ನಿಮಿಷದ ನಡುವೆ ಎಂಬುದು ನನ್ನ ಸಲಹೆ. ತಿರುಗುತ್ತಾ ಸುಮ್ಮನಿರುವ 3.5 ಇಂಚಿನ ಡ್ರೈವ್ ಸುಮಾರು 4ರಿಂದ 6 ವಾಟ್ ಬಳಸಿದರೆ ಮಲಗಿದಾಗ 1 ವಾಟ್‌ನ ಆಸುಪಾಸಿಗೆ ಇಳಿಯುತ್ತದೆ, 2.5 ಇಂಚಿನದರಲ್ಲಿ ಈ ಉಳಿತಾಯ ಇನ್ನೂ ಚಿಕ್ಕದು. ಇಷ್ಟಕ್ಕಾಗಿ ಒಂದೆರಡು ನಿಮಿಷದ ಟೈಮರ್ ಇಟ್ಟು ಮೋಟಾರನ್ನು ದಿನಕ್ಕೆ ನೂರಾರು ಸಲ ನಿಲ್ಲಿಸಿ ಎಬ್ಬಿಸುವುದು ಡ್ರೈವಿಗೆ ಒಳ್ಳೆಯದಲ್ಲ.

ಹಂತ 6: ಬ್ರಿಡ್ಜ್, ಹಬ್ ಮತ್ತು ಹಳೆಯ ಸಾಫ್ಟ್‌ವೇರ್

ಡ್ರೈವನ್ನು ಹಬ್ ಅಥವಾ ಡಾಕ್‌ನಿಂದ ಬಿಡಿಸಿ ನೇರವಾಗಿ ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಿಸಿ. ಆಮೇಲೆ ಕವಚದ ತಯಾರಕರು ಫರ್ಮ್‌ವೇರ್ ಅಪ್‌ಡೇಟ್ ನೀಡಿದ್ದಾರೆಯೇ ನೋಡಿ. ಡ್ರೈವಿನೊಳಗಿನ ಟೈಮರನ್ನು ನಿಗದಿಪಡಿಸಲು ತಯಾರಕರದೇ ಉಪಕರಣ ಬೇಕಾಗಬಹುದು. ವೆಸ್ಟರ್ನ್ ಡಿಜಿಟಲ್‌ನ ಡ್ರೈವ್ ಯುಟಿಲಿಟೀಸ್‌ನಲ್ಲಿ ಸ್ಲೀಪ್ ಟೈಮರ್ ಇರುವುದು ಇದಕ್ಕೊಂದು ಉದಾಹರಣೆ. ಇಂತಹ ಉಪಕರಣದ ಹಳೆಯ ಆವೃತ್ತಿ ಹೊಸ ಸಿಸ್ಟಂನಲ್ಲಿ ಓಡದಿರಬಹುದು: 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್ ಪ್ರೋಗ್ರಾಂಗಳನ್ನು ಪೂರ್ತಿಯಾಗಿ ಕೈಬಿಟ್ಟಾಗ ಹಳೆಯ ಪ್ರೋಗ್ರಾಂಗಳು ಒಮ್ಮೆಗೇ ನಿಂತುಹೋದವು. ಹಳೆಯ ಎನ್‌ಟಿಎಫ್‌ಎಸ್ ಡ್ರೈವರ್ ಅಥವಾ ಡಿಸ್ಕ್ ಕಾವಲು ಪ್ರೋಗ್ರಾಂ ಇದ್ದರೆ ಹೊಸ ಆವೃತ್ತಿಗೆ ಬದಲಿಸಿ, ಇಲ್ಲವೇ ತೆಗೆದುಹಾಕಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಟೈಮರ್‌ನ ಎರಡು ಪಟ್ಟು ಸಮಯ ಕಾಯಿರಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ತೊಂದರೆ ನೀಗಿದರೂ ಯಾವುದರಿಂದ ನೀಗಿತೆಂದು ತಿಳಿಯದೆ, ಅಗತ್ಯವಿಲ್ಲದ ನಾಲ್ಕು ಬದಲಾವಣೆಗಳು ಕಂಪ್ಯೂಟರಿನಲ್ಲಿ ಉಳಿದುಬಿಡುತ್ತವೆ.

ಯಾವುದೂ ಫಲಿಸದಿದ್ದರೆ

ಬ್ರಿಡ್ಜ್ ಆಜ್ಞೆಯನ್ನು ದಾಟಿಸದಿದ್ದರೆ ಸೆಟ್ಟಿಂಗ್‌ನಿಂದ ಏನೂ ಆಗದು. ಲಿನಕ್ಸ್‌ನಲ್ಲಿ ಎಚ್‌ಡಿ-ಐಡಲ್ ಎಂಬ ಸೇವೆ ಓದು-ಬರಹದ ಲೆಕ್ಕವನ್ನು ತಾನೇ ನೋಡಿಕೊಂಡು ಬೇರೆ ಬಗೆಯ ನಿಲುಗಡೆ ಆಜ್ಞೆ ಕಳಿಸುವುದರಿಂದ, ಎಚ್‌ಡಿಪಾರ್ಮ್ ಸೋತ ಕವಚಗಳಲ್ಲೂ ಅದು ಫಲಿಸುವುದುಂಟು. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ವಿಶ್ವಾಸಾರ್ಹ ದಾರಿಯೆಂದರೆ ಕೆಲಸ ಮುಗಿದ ಮೇಲೆ ಇಜೆಕ್ಟ್ ಮಾಡುವುದು. ಬ್ಯಾಕಪ್ಪಿಗೆ ಮಾತ್ರ ಮೀಸಲಾದ ಡ್ರೈವಿಗೆ ಇದು ಸ್ಲೀಪ್‌ಗಿಂತಲೂ ಉತ್ತಮ, ಏಕೆಂದರೆ ಇಜೆಕ್ಟ್ ಮಾಡಿ ಕೇಬಲ್ ಕಿತ್ತಿಟ್ಟ ಡ್ರೈವನ್ನು ರ‍್ಯಾನ್ಸಮ್‌ವೇರ್ ತಲುಪಲಾರದು. ಸದಾ ಜೋಡಿಸಿಯೇ ಇರಬೇಕಾದ ಡ್ರೈವ್ ಆದರೆ, ಗಾಳಿಯಾಡುವ ಜಾಗದಲ್ಲಿಟ್ಟು ಸ್ಮಾರ್ಟ್ ವರದಿಯ 194ನೆಯ ಸಾಲಿನ ತಾಪಮಾನವನ್ನು ಆಗಾಗ ಗಮನಿಸಿ. ಅದು ತಯಾರಕರು ಹೇಳಿದ ಮಿತಿಯೊಳಗೆ ಇರುವವರೆಗೆ, ಸತತವಾಗಿ ತಿರುಗುವುದರಿಂದ ಡ್ರೈವ್ ತಕ್ಷಣ ಕೆಡುವುದಿಲ್ಲ. ಮುಂದಿನ ಸಿಸ್ಟಂ ಅಪ್‌ಡೇಟ್ ಬರುವವರೆಗೆ ಕಾದು, ಬಂದ ಮೇಲೆ 3ನೆಯ ಹಂತದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಬಹುದು.